ಹಿಮ್ಮಡಿ ನೋವು ಇರುವವರು ಓಡುವ ಶೂ ಆರಿಸುವುದು ಹೇಗೆ?

ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ಓಡಿ ಬಂದು ಗೇಟ್ ಹತ್ತಿರ ನಿಂತರೆ ಸಾಕು, ಯಾರಾದರೊಬ್ಬರು ಕೇಳೇ ಕೇಳುತ್ತಾರೆ. "ಆರು ತಿಂಗಳಾಯ್ತು, ಹಿಮ್ಮಡಿ ನೋವು ಹೋಗ್ತಾನೇ ಇಲ್ಲ, ಯಾವ ಶೂ ತಗೊಳ್ಲಿ?" ಮಂಡ್ಯದ ಗೆಳೆಯರು ಫೋನ್ ಮಾಡಿದರೂ ಇದೇ ಪ್ರಶ್ನೆ. ಎಲ್ಲರಿಗೂ ಬೇಕಾಗಿರುವುದು ಒಂದು ಕಂಪನಿಯ ಹೆಸರು, ಒಂದು ಮಾಡೆಲ್ ಹೆಸರು. ಹಾಗೆ ಹೆಸರು ಹೇಳಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಒಬ್ಬರ ಹಿಮ್ಮಡಿಗೆ ಹಿತವಾದ ಶೂ ಇನ್ನೊಬ್ಬರ ನೋವನ್ನು ಜಾಸ್ತಿ ಮಾಡಬಹುದು. ಹಿಮ್ಮಡಿ ನೋವು ಅನ್ನುವುದು ಒಂದೇ ತೊಂದರೆ ಅಲ್ಲ, ಮೂರ್ನಾಲ್ಕು ಬೇರೆ ಬೇರೆ ತೊಂದರೆಗಳನ್ನು ನಾವು ಒಂದೇ ಹೆಸರಿನಲ್ಲಿ ಕರೆಯುತ್ತೇವೆ, ಅಷ್ಟೇ.

ನಾನು ಡಾಕ್ಟರ್ ಅಲ್ಲ. ಎರಡು ವರ್ಷ ಈ ನೋವಿನ ಜೊತೆ ಓಡಿದವನು, ಎರಡು ಜೊತೆ ತಪ್ಪು ಶೂ ಕೊಂಡವನು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಶೂ ನೋವನ್ನು ವಾಸಿ ಮಾಡುವುದಿಲ್ಲ. ನೋವಿರುವ ಜಾಗದ ಮೇಲೆ ಬೀಳುವ ಭಾರವನ್ನು ಸ್ವಲ್ಪ ಇಳಿಸುತ್ತದೆ, ವಾಸಿಯಾಗಲು ಕಾಲಿಗೆ ಸಮಯ ಸಿಗುತ್ತದೆ. ಇಷ್ಟನ್ನೇ ಶೂನಿಂದ ಕೇಳಿ, ಆಗ ಆರಿಸುವುದು ಸುಲಭ.

ಬೇಕಾಗಿರುವುದು: ಒಂದು ಬಿಳಿ ಹಾಳೆ, ಪೆನ್ಸಿಲ್, ಸ್ಕೇಲ್, ನಿಮ್ಮ ಹಳೇ ಶೂ, ಓಡುವಾಗ ಹಾಕುವ ಸಾಕ್ಸ್, ಮತ್ತು ಬಿಡುವಾಗಿರುವ ಒಂದು ಸಂಜೆ.

1. ನೋವು ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿ

ಮಂಚದ ಮೇಲೆ ಕೂತು, ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನಿಂದ ಹಿಮ್ಮಡಿಯನ್ನು ಒತ್ತುತ್ತಾ ಹೋಗಿ.

ಹಿಮ್ಮಡಿಯ ಕೆಳಗೆ, ಸ್ವಲ್ಪ ಮುಂದಕ್ಕೆ, ಒಳಬದಿಯಲ್ಲಿ ಒತ್ತಿದಾಗ ಚುಚ್ಚಿದರೆ, ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಯೇ ಎಲ್ಲಕ್ಕಿಂತ ಕಷ್ಟವಾದರೆ, ಹತ್ತು ಹೆಜ್ಜೆ ನಡೆದ ಮೇಲೆ ಸ್ವಲ್ಪ ಸಡಿಲವಾದರೆ, ಅದು ಬಹುಮಟ್ಟಿಗೆ ಪ್ಲಾಂಟರ್ ಫೇಶಿಯೈಟಿಸ್. ಹಿಮ್ಮಡಿ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇದೆ. ಬಿಲ್ಲಿಗೆ ಬಿಗಿದ ಹೆದೆಯ ಹಾಗೆ ಅದು ಪಾದದ ಕಮಾನನ್ನು ಹಿಡಿದಿರುತ್ತದೆ. ಆ ಪಟ್ಟಿ ಹಿಮ್ಮಡಿಗೆ ಅಂಟಿರುವ ಜಾಗ ಸವೆದು ನೋಯುವುದೇ ಈ ತೊಂದರೆ. ದಿನವಿಡೀ ನಿಂತು ಕೆಲಸ ಮಾಡುವವರಿಗೆ, ಅಂದರೆ ಟೀಚರ್‌ಗಳು, ಬಸ್ ಕಂಡಕ್ಟರ್‌ಗಳು, ಬಟ್ಟೆ ಅಂಗಡಿಯವರಿಗೆ, ಮತ್ತು ಓಟವನ್ನು ಇದ್ದಕ್ಕಿದ್ದ ಹಾಗೆ ಜಾಸ್ತಿ ಮಾಡಿದವರಿಗೆ ಇದು ಸಾಮಾನ್ಯ.

ಹಿಮ್ಮಡಿಯ ನಟ್ಟನಡುವೆ, ಪೆಟ್ಟು ಬಿದ್ದು ಕಂದಿದ ಹಾಗೆ ನೋವಿದ್ದರೆ, ಬರಿಗಾಲಲ್ಲಿ ಗ್ರಾನೈಟ್ ನೆಲದ ಮೇಲೆ ನಡೆದಾಗ ಜಾಸ್ತಿಯಾದರೆ, ಅದು ಹಿಮ್ಮಡಿಯ ಕೊಬ್ಬಿನ ಮೆತ್ತೆಯ ತೊಂದರೆ ಇರಬಹುದು. ಮೂಳೆಯ ಕೆಳಗೆ ದಿಂಬಿನ ಹಾಗಿರುವ ಈ ಮೆತ್ತೆ ವಯಸ್ಸಾದಂತೆ ತೆಳ್ಳಗಾಗುತ್ತದೆ.

ಹಿಮ್ಮಡಿಯ ಹಿಂಭಾಗದಲ್ಲಿ, ಶೂನ ಅಂಚು ತಾಗುವ ಕಡೆ ನೋವಿದ್ದರೆ ಅದು ಬಹುಮಟ್ಟಿಗೆ ಅಕಿಲಿಸ್ ಟೆಂಡನ್. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ದಪ್ಪ ಹುರಿ ಅದು, ಆಡುಮಾತಿನಲ್ಲಿ ನಾವು "ನರ" ಅನ್ನುತ್ತೇವೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ಮಾರನೇ ದಿನ ಈ ನೋವು ಕೆರಳುತ್ತದೆ.

ಉರಿ, ಜುಮ್ಮೆನ್ನುವುದು, ಮರಗಟ್ಟುವುದು ಇದ್ದರೆ ಅದು ನಿಜವಾದ ನರದ ವಿಷಯ. ಅದಕ್ಕೆ ಶೂ ಅಂಗಡಿ ಜಾಗವಲ್ಲ, ಡಾಕ್ಟರ್ ಹತ್ತಿರ ಹೋಗಿ.

ಇನ್ನೂ ಕೆಲವು ಸಂದರ್ಭಗಳಲ್ಲಿ ಮೊದಲು ಡಾಕ್ಟರ್, ಆಮೇಲೆ ಶೂ. ಹಿಮ್ಮಡಿಯನ್ನು ಎರಡು ಬದಿಯಿಂದ ಅಂಗೈಗಳ ನಡುವೆ ಹಿಸುಕಿದಾಗ ಜೋರಾಗಿ ನೋವಾದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ರಾತ್ರಿ ಮಲಗಿದಾಗಲೂ ನೋವು, ಊತ, ಜ್ವರ ಇದ್ದರೆ ಕಾಯಬೇಡಿ. ಚಿಕ್ಕ ವಯಸ್ಸಿನವರಿಗೆ ಎರಡೂ ಹಿಮ್ಮಡಿ ನೋವಿದ್ದು, ಜೊತೆಗೆ ಬೆಳಿಗ್ಗೆ ಸೊಂಟ ತುಂಬಾ ಹೊತ್ತು ಬಿಗಿದಿದ್ದರೆ ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ, ಅದು ಕೀಲುವಾತದ ಲಕ್ಷಣ ಇರಬಹುದು. ಸಕ್ಕರೆ ಕಾಯಿಲೆ ಇರುವವರು ಪಾದದ ಸ್ಪರ್ಶಜ್ಞಾನ ಪರೀಕ್ಷೆ ಮಾಡಿಸಿಕೊಂಡೇ ಶೂ ಕೊಳ್ಳಬೇಕು. ಸ್ಪರ್ಶ ಕಡಿಮೆ ಇದ್ದರೆ ಶೂ ಕಚ್ಚುತ್ತಿದ್ದರೂ ಗೊತ್ತಾಗುವುದಿಲ್ಲ.

ಎಕ್ಸ್‌ರೇಯಲ್ಲಿ "ಹಿಮ್ಮಡಿ ಮೂಳೆ ಬೆಳೆದಿದೆ" ಅಂತ ಬಂದರೆ ತುಂಬಾ ಜನ ಹೆದರಿಬಿಡುತ್ತಾರೆ. ಹೆದರಬೇಡಿ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಆ ಮುಳ್ಳಿನಂಥ ಮೂಳೆ ಕಾಣುತ್ತದೆ. ಪ್ಲಾಂಟರ್ ಫೇಶಿಯೈಟಿಸ್ ಬಂದವರಲ್ಲಿ ಹೆಚ್ಚಿನವರಿಗೆ ಒಂದು ವರ್ಷದೊಳಗೆ ಆಪರೇಷನ್ ಇಲ್ಲದೆಯೇ ಕಡಿಮೆಯಾಗುತ್ತದೆ.

2. ಹಳೇ ಶೂ ತಿರುಗಿಸಿ ನೋಡಿ, ಪಾದ ಅಳೆಯಿರಿ

ಹಳೇ ಶೂ ಎಸೆಯಬೇಡಿ. ಮೇಜಿನ ಮೇಲೆ ಇಟ್ಟು ಹಿಂದಿನಿಂದ ನೋಡಿ. ಒಂದು ಪಕ್ಕಕ್ಕೆ ವಾಲಿದೆಯಾ? ಸೋಲ್‌ನ ಬದಿಯಲ್ಲಿ ಅಡ್ಡಡ್ಡ ಸುಕ್ಕು ಬಿದ್ದಿದೆಯಾ? ಹಾಗಿದ್ದರೆ ಒಳಗಿನ ಫೋಮ್ ಸತ್ತಿದೆ ಅಂತ ಅರ್ಥ, ಕೆಳಗಿನ ರಬ್ಬರ್ ಎಷ್ಟೇ ಹೊಸದಾಗಿ ಕಂಡರೂ ಸರಿಯೇ. ಓಡುವ ಶೂ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ದಿನಾ 5 ಕಿ.ಮೀ. ಓಡುವವರಿಗೆ ಅದು ಸುಮಾರು ಮೂರರಿಂದ ಐದು ತಿಂಗಳು ಮಾತ್ರ! ಎಷ್ಟೋ ಸಲ ಹಿಮ್ಮಡಿ ನೋವು ಶುರುವಾಗುವುದು ಮೂರು ವರ್ಷದ ಹಳೇ ಶೂನಲ್ಲೇ.

ಪಾದದ ಅಳತೆ ಸಂಜೆ ತೆಗೆಯಿರಿ, ದಿನವಿಡೀ ನಡೆದ ಕಾಲು ಸ್ವಲ್ಪ ಊದಿರುತ್ತದೆ. ಗೋಡೆಗೆ ಹಿಮ್ಮಡಿ ತಾಗಿಸಿ, ಹಾಳೆಯ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು, ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿಸಿ. ಉದ್ದದ ಬೆರಳು ಹೆಬ್ಬೆರಳೇ ಆಗಬೇಕಿಲ್ಲ. ಎರಡೂ ಕಾಲು ಅಳೆಯಿರಿ, ಅಳತೆ ಸ್ವಲ್ಪ ಬೇರೆ ಬೇರೆ ಬಂದರೆ ದೊಡ್ಡದನ್ನೇ ಇಟ್ಟುಕೊಳ್ಳಿ. ಅಗಲವನ್ನೂ ಬರೆದುಕೊಳ್ಳಿ.

3. ನಾಲ್ಕು ಪದ ಕಲಿತು ಹೋಗಿ

ಅಂಗಡಿಯಲ್ಲಿ ಹುಡುಗರು ಪಟಪಟ ಅಂತ ಹೇಳುವ ಪದಗಳಲ್ಲಿ ನಮಗೆ ಬೇಕಾದ್ದು ನಾಲ್ಕೇ.

ಡ್ರಾಪ್ ಅಂದರೆ ಸೋಲ್ ಹಿಮ್ಮಡಿಯ ಕೆಳಗೆ ಎಷ್ಟು ದಪ್ಪ, ಬೆರಳ ಬುಡದ ಕೆಳಗೆ ಎಷ್ಟು ದಪ್ಪ, ಅವೆರಡರ ವ್ಯತ್ಯಾಸ. ಹಿಂದೆ 32 ಮಿ.ಮೀ., ಮುಂದೆ 22 ಇದ್ದರೆ ಡ್ರಾಪ್ 10. ಹಿಮ್ಮಡಿ ನೋವಿಗೆ ಎಲ್ಲಕ್ಕಿಂತ ಮುಖ್ಯ ಇದು. ಡ್ರಾಪ್ ಜಾಸ್ತಿ ಇದ್ದಾಗ ಹಿಮ್ಮಡಿ ಸ್ವಲ್ಪ ಎತ್ತರದಲ್ಲಿ ಕೂರುತ್ತದೆ, ಮೀನಖಂಡ ಮತ್ತು ಅಕಿಲಿಸ್ ಮೇಲಿನ ಎಳೆತ ಇಳಿಯುತ್ತದೆ. ನೋವಿರುವಾಗ 8ರಿಂದ 12 ಮಿ.ಮೀ. ಒಳಗೆ ಹುಡುಕಿ. ಆದರೆ ಹಿಮ್ಮಡಿಯಿಂದ ಇಳಿದ ಭಾರ ಸ್ವಲ್ಪ ಮಂಡಿಯ ಕಡೆ ಹೋಗುತ್ತದೆ, ಮಂಡಿ ನೋವೂ ಇರುವವರು 8ರ ಹತ್ತಿರವೇ ಇರಿ.

ಮಿಡ್‌ಸೋಲ್ ಅಂದರೆ ಮಧ್ಯದ ಫೋಮ್ ಪದರ. ಹೀಲ್ ಕೌಂಟರ್ ಅಂದರೆ ಹಿಮ್ಮಡಿಯನ್ನು ಹಿಂದಿನಿಂದ ಬಟ್ಟಲಿನ ಹಾಗೆ ಹಿಡಿದಿರುವ ಗಟ್ಟಿ ಭಾಗ. ಟೋ ಬಾಕ್ಸ್ ಅಂದರೆ ಬೆರಳುಗಳಿಗೆ ಇರುವ ಜಾಗ.

ಇನ್ನು "ನಿಮ್ಮದು ಚಪ್ಪಟೆ ಪಾದ, ಈ ಮಾಡೆಲ್ಲೇ ಬೇಕು" ಅಂತ ಒದ್ದೆ ಪಾದದ ಗುರುತು ನೋಡಿ ಹೇಳುವವರಿದ್ದಾರೆ. ಅಮೆರಿಕದ ಭೂಸೇನೆ, ವಾಯುಪಡೆ, ಮರೀನ್ ಪಡೆಗಳಲ್ಲಿ ತರಬೇತಿಗೆ ಬಂದವರ ಮೇಲೆ ಇದನ್ನು ಪರೀಕ್ಷೆ ಮಾಡಿದ್ದಾರೆ. ಪಾದದ ಕಮಾನು ನೋಡಿ ಶೂ ಕೊಟ್ಟವರಿಗೂ, ಕಮಾನು ನೋಡದೆ ಒಂದೇ ತರದ ಶೂ ಕೊಟ್ಟವರಿಗೂ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತು ಜೊತೆಗಾರರು 2015ರಲ್ಲಿ ಹೇಳಿದ್ದು ನನಗೆ ಹೆಚ್ಚು ಸರಿ ಅನಿಸುತ್ತದೆ: ಓಡುವಾಗ ನಿಮ್ಮ ಕಾಲಿಗೆ ಯಾವುದು ಆರಾಮವೋ ಅದೇ ಒಳ್ಳೆಯ ಆಯ್ಕೆ.

4. ಹಾಕಿ ನೋಡುವ ಮೊದಲು ಕೈಯಲ್ಲಿ ಪರೀಕ್ಷೆ

ಸಂಜೆ ಹೊತ್ತು ಹೋಗಿ. ದೇವರಾಜ ಅರಸು ರಸ್ತೆಯಲ್ಲಿ ಬೇರೆ ಬೇರೆ ಕಂಪನಿಗಳ ಅಂಗಡಿಗಳು ಹತ್ತಿರ ಹತ್ತಿರವೇ ಇರುವುದರಿಂದ ಒಂದು ಅಂಗಡಿಯ ಶೂ ನೆನಪು ಕಾಲಿನಲ್ಲಿರುವಾಗಲೇ ಇನ್ನೊಂದನ್ನು ಹಾಕಿ ನೋಡಬಹುದು. ಮಂಡ್ಯದಿಂದ ಬರುವವರು ಇದಕ್ಕಾಗಿಯೇ ಒಂದು ಸಂಜೆ ಇಟ್ಟುಕೊಳ್ಳಿ. ಬೇರೆ ನಾಲ್ಕು ಕೆಲಸದ ನಡುವೆ ಗಡಿಬಿಡಿಯಲ್ಲಿ ಕೊಂಡ ಶೂ ಸರಿಹೋಗುವುದು ಕಷ್ಟ. ಭಾನುವಾರ ಸಂಜೆ ಬೇಡ, ರಶ್ ಇರುತ್ತದೆ, ನಿಮಗೆ ಅಂಗಡಿಯಲ್ಲಿ ನಡೆದಾಡಲು ಜಾಗವೇ ಸಿಗುವುದಿಲ್ಲ.

ಮೊದಲು ಹೀಲ್ ಕೌಂಟರ್ ಅನ್ನು ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ. ಕಾಗದದ ಹಾಗೆ ಮಡಚಿಕೊಂಡರೆ ಬಿಟ್ಟುಬಿಡಿ. ಹಿಮ್ಮಡಿಯ ಕೆಳಗೆ ನೋವಿರುವವರಿಗೆ ಇದು ಗಟ್ಟಿಯಾಗಿರಬೇಕು, ಹಿಮ್ಮಡಿಯ ಕೊಬ್ಬಿನ ಮೆತ್ತೆ ಅಗಲಕ್ಕೆ ಹರಡದ ಹಾಗೆ ಅದು ಸುತ್ತಲಿಂದ ಹಿಡಿಯುತ್ತದೆ. ಆದರೆ ಹಿಂಭಾಗದಲ್ಲಿ ನೋವಿರುವವರಿಗೆ, ಅಲ್ಲಿ ಗಂಟು ಎದ್ದಿರುವವರಿಗೆ, ಈ ಗಟ್ಟಿ ಭಾಗವೇ ಶತ್ರು. ಅವರು ಮೇಲಂಚು ಮೆತ್ತಗಿರುವ, ಗಂಟಿಗೆ ತಾಗದ ಶೂ ನೋಡಬೇಕು. ಮೊದಲ ಹಂತದಲ್ಲಿ ನೋವಿನ ಜಾಗ ಹುಡುಕಿ ಅಂದಿದ್ದು ಇದಕ್ಕೇ.

ಆಮೇಲೆ ಮುಂಭಾಗ ಮತ್ತು ಹಿಂಭಾಗ ಹಿಡಿದು ಬಗ್ಗಿಸಿ. ಬೆರಳುಗಳ ಬುಡದ ಹತ್ತಿರ ಬಗ್ಗಬೇಕು. ನಡುಮಧ್ಯದಲ್ಲಿ ಮಡಚಿದರೆ ಅಂಗಾಲಿನ ಪಟ್ಟಿಗೆ ಆಸರೆ ಇಲ್ಲ. ಬಟ್ಟೆ ಹಿಂಡಿದ ಹಾಗೆ ತಿರುಚಿಯೂ ನೋಡಿ, ಸ್ವಲ್ಪ ತಡೆ ಕೊಡಬೇಕು. ಕೊನೆಗೆ ಮಟ್ಟವಾದ ಜಾಗದಲ್ಲಿ ಇಟ್ಟು ಹಿಂದಿನಿಂದ ನೋಡಿ, ಹೊಸ ಶೂ ಕೂಡ ಕೆಲವೊಮ್ಮೆ ಓರೆಯಾಗಿ ಬಂದಿರುತ್ತದೆ.

ಈಗ ಅತಿ ದೊಡ್ಡ ತಪ್ಪಿನ ಬಗ್ಗೆ. ಹಿಮ್ಮಡಿ ನೋವು ಅಂದ ಕೂಡಲೇ ಎಲ್ಲರೂ ಕೈ ಹಾಕುವುದು ಅಂಗಡಿಯಲ್ಲಿರುವ ಅತಿ ಮೆತ್ತನೆಯ ಶೂಗೆ. ನಾನೂ ಅದನ್ನೇ ಮಾಡಿದ್ದೆ. ಹತ್ತಿಯ ಮೇಲೆ ನಿಂತ ಹಾಗೆ ಹಾಯಾಗಿರುತ್ತದೆ, ಅಂಗಡಿಯಲ್ಲಿ ಎರಡು ನಿಮಿಷ. ರಸ್ತೆಗೆ ಇಳಿದ ಮೇಲೆ ಹಿಮ್ಮಡಿ ಆ ಫೋಮ್ ಒಳಗೆ ಹೂತು ಆಚೀಚೆ ವಾಲುತ್ತದೆ, ವಾಲಿದಷ್ಟೂ ಅಂಗಾಲಿನ ಪಟ್ಟಿ ಎಳೆಯುತ್ತದೆ. ಮೆಮೊರಿ ಫೋಮ್ ಅಂತ ಮಾರುವ ಒಳಹಾಸು ಕೆಲವು ವಾರಗಳಲ್ಲಿ ಅಮುಕಿ ಹೋಗುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ತಗ್ಗಬೇಕು, ಬಿಟ್ಟ ಕೂಡಲೇ ಪುಟಿದು ಬರಬೇಕು, ಅಂಥದ್ದು ಬೇಕು. ಕೊಬ್ಬಿನ ಮೆತ್ತೆ ತೆಳ್ಳಗಾದವರಿಗೆ ಮಾತ್ರ ಇನ್ನೂ ಸ್ವಲ್ಪ ದಪ್ಪ, ಮೆತ್ತನೆಯ ಸೋಲ್ ಬೇಕಾಗುತ್ತದೆ, ಅವರಿಗೂ ಹಿಮ್ಮಡಿಯ ಬಟ್ಟಲು ಗಟ್ಟಿಯಾಗಿಯೇ ಇರಬೇಕು.

ನೋವಿರುವಾಗ ಇವು ಬೇಡ: ಡ್ರಾಪ್ ಸೊನ್ನೆ ಇರುವ ಬರಿಗಾಲ ಮಾದರಿಯ ಶೂ, ರೇಸ್‌ಗೆ ಮಾಡಿದ, ಸೋಲ್ ಒಳಗೆ ಗಟ್ಟಿ ಹಲಗೆ ಇರುವ ಕಾರ್ಬನ್ ಪ್ಲೇಟ್ ಶೂ, ಮತ್ತು ಷಟಲ್ ಆಡುವ ನಾನ್ ಮಾರ್ಕಿಂಗ್ ಶೂ. ಕೊನೆಯದು ಒಳಾಂಗಣದಲ್ಲಿ ಪಕ್ಕಕ್ಕೆ ಜಿಗಿಯಲು ಮಾಡಿದ್ದು, ಟಾರ್ ರಸ್ತೆಗಲ್ಲ. ಆಡುವುದಕ್ಕೂ ಓಡುವುದಕ್ಕೂ ಒಂದೇ ಜೊತೆ ಅಂತ ಉಳಿಸಲು ಹೋಗಿ ಹಿಮ್ಮಡಿ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಎಲ್ಲಿ ಓಡುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕುಕ್ಕರಹಳ್ಳಿಯ ಮಣ್ಣಿನ ಹಾದಿಗೂ ಚಾಮುಂಡಿ ವಿಹಾರ ಸ್ಟೇಡಿಯಂನ ಟ್ರ್ಯಾಕ್‌ಗೂ ಸಾಮಾನ್ಯ ರೋಡ್ ಶೂ ಸಾಕು. ಮಂಡ್ಯದ ಕಡೆ ನಾಲೆ ಏರಿಯ ಮೇಲೆ ಓಡುವವರಿಗೆ ಜಲ್ಲಿಕಲ್ಲು ಹಿಮ್ಮಡಿಗೆ ಚುಚ್ಚದ ಹಾಗೆ ಕೆಳಗಿನ ರಬ್ಬರ್ ದಪ್ಪಗಿರಬೇಕು.

5. ಕಾಲಿಗೆ ಹಾಕಿ, ಹತ್ತು ನಿಮಿಷ ಬಿಚ್ಚಬೇಡಿ

ನಿಮ್ಮ ಸಾಕ್ಸ್ ಹಾಕಿ, ಎರಡೂ ಕಾಲಿಗೆ ಶೂ ಹಾಕಿ, ಹಿಮ್ಮಡಿಯನ್ನು ಹಿಂದಕ್ಕೆ ಒಮ್ಮೆ ನೆಲಕ್ಕೆ ಕುಟ್ಟಿ ಕೂರಿಸಿ, ಆಮೇಲೆ ಲೇಸ್ ಕಟ್ಟಿ. ಎದ್ದು ನಿಂತಾಗ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಹೆಬ್ಬೆರಳ ಅಗಲ ಜಾಗ ಇರಬೇಕು. ಬೆರಳುಗಳನ್ನು ಆಡಿಸಲು ಬರಬೇಕು. ನಡೆಯುವಾಗ ಹಿಮ್ಮಡಿ ಮೇಲಕ್ಕೆ ಜಾರಬಾರದು. "ಇರಲಿ, ಒಂದು ಸೈಜ್ ದೊಡ್ಡದೇ ತಗೊಳ್ಳಿ" ಅನ್ನುವ ಮಾತು ಕೇಳಬೇಡಿ. ಶೂ ದೊಡ್ಡದಾದರೆ ಹಿಮ್ಮಡಿ ಒಳಗೆ ಜಾರುತ್ತದೆ, ಶೂ ಉಳಿಸಿಕೊಳ್ಳಲು ಬೆರಳುಗಳು ನೆಲ ಹಿಡಿಯಲು ನೋಡುತ್ತವೆ, ಮತ್ತೆ ಅದೇ ಪಟ್ಟಿಯ ಮೇಲೆ ಎಳೆತ. ಅಗಲ ಸಾಲದಿದ್ದರೆ ಉದ್ದ ಜಾಸ್ತಿ ಮಾಡುವ ಬದಲು ಅಗಲದ ಮಾದರಿ ಕೇಳಿ. ಗಂಡಸರಿಗೆ 2ಇ, ಹೆಂಗಸರಿಗೆ ಡಿ ಅಂತ ಡಬ್ಬಿಯ ಮೇಲೆ ಇರುತ್ತದೆ. ಹೆಂಗಸರ ಶೂ ಬಿಗಿಯಾದರೆ ಗಂಡಸರ ಮಾದರಿ ಹಾಕಿ ನೋಡಲು ಸಂಕೋಚ ಬೇಡ.

ಸೈಜ್ ನಂಬರ್ ನಂಬಬೇಡಿ. ನಮ್ಮಲ್ಲಿ ಯು.ಕೆ. ನಂಬರ್ ನಡೆಯುತ್ತದೆ, ಅಮೆರಿಕದ ನಂಬರ್ ಬೇರೆ, ಯುರೋಪಿನದು ಬೇರೆ, ಸಾಲದ್ದಕ್ಕೆ ಒಂದು ಕಂಪನಿಯ 8 ಇನ್ನೊಂದರ 8 ಆಗಿರುವುದಿಲ್ಲ. ಶೂನ ನಾಲಿಗೆಯ ಒಳಗಿನ ಲೇಬಲ್‌ನಲ್ಲಿ ಸೆಂ.ಮೀ. ಇದ್ದರೆ ನಿಮ್ಮ ಹಾಳೆಯ ಅಳತೆಗೆ ಹೋಲಿಸಿ.

ಹಿಮ್ಮಡಿ ಸ್ವಲ್ಪವೇ ಜಾರಿದರೆ ಲೇಸ್‌ನಿಂದ ಸರಿಮಾಡಬಹುದು. ಮೇಲ್ತುದಿಯಲ್ಲಿ ಪಕ್ಕಕ್ಕೆ ಒಂದು ಹೆಚ್ಚುವರಿ ತೂತು ಇರುತ್ತದೆ, ತುಂಬಾ ಜನ ಅದನ್ನು ಬಳಸುವುದೇ ಇಲ್ಲ. ಲೇಸ್ ಅನ್ನು ಅದೇ ಬದಿಯ ಆ ತೂತಿನಲ್ಲಿ ಹೊರಗಿನಿಂದ ಒಳಗೆ ತೂರಿಸಿ ಸಣ್ಣ ಕುಣಿಕೆ ಉಳಿಸಿ. ಎರಡೂ ಬದಿ ಹೀಗೆ ಮಾಡಿ, ಒಂದು ಬದಿಯ ಲೇಸ್ ತುದಿಯನ್ನು ಇನ್ನೊಂದು ಬದಿಯ ಕುಣಿಕೆಯೊಳಗೆ ಎಳೆದು ಕಟ್ಟಿ. ಹಿಮ್ಮಡಿ ಕದಲುವುದಿಲ್ಲ.

ಅಂಗಡಿಯವರನ್ನು ಕೇಳಿ ಹೊರಗೆ ಅಥವಾ ಒಳಗೇ ಸ್ವಲ್ಪ ಓಡಿ. ಎರಡು ಮೂರು ಮಾಡೆಲ್ ಹೋಲಿಸಿ. "ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಅನ್ನುವುದು ಚರ್ಮದ ಚಪ್ಪಲಿಗೆ ಸರಿ, ಓಡುವ ಶೂಗೆ ಅಲ್ಲ. ಮೊದಲ ದಿನ ಚುಚ್ಚುವ ಶೂ ಮನೆಗೆ ತರಬೇಡಿ. ಬೆಲೆಯ ವಿಷಯ: ಹೆಚ್ಚು ದುಡ್ಡು ಕೊಟ್ಟರೆ ಹಿಮ್ಮಡಿಗೆ ಹೆಚ್ಚು ಒಳ್ಳೆಯದು ಅಂತ ಏನೂ ಇಲ್ಲ, ಹೋದ ವರ್ಷದ ಮಾಡೆಲ್ ರಿಯಾಯಿತಿಯಲ್ಲಿ ಸಿಕ್ಕಿದರೆ ಖಂಡಿತ ತಗೊಳ್ಳಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ತಗೊಳ್ಳುವ ಕಡೆಯಿಂದ ಮಾತ್ರ ತರಿಸಿ, ಬ್ರ್ಯಾಂಡ್ ಹೆಸರಿದ್ದು ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ಅದು ಡೂಪ್ಲಿಕೇಟ್.

6. ಒಳಹಾಸು, ಜೆಲ್ ಪ್ಯಾಡ್

ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸಿಲಿಕಾನ್ ಹೀಲ್ ಪ್ಯಾಡ್ ಕೆಲವರಿಗೆ ಹಿತ ಕೊಡುತ್ತದೆ. ಹಾಕುವುದಾದರೆ ಎರಡೂ ಶೂಗೆ ಹಾಕಿ, ಒಂದಕ್ಕೇ ಹಾಕಿದರೆ ಒಂದು ಕಾಲು ಉದ್ದವಾದ ಹಾಗಾಗಿ ಸೊಂಟ ಹಿಡಿಯಬಹುದು. ಪ್ಯಾಡ್ ಇಟ್ಟ ಮೇಲೆ ಹಿಮ್ಮಡಿ ಶೂನಿಂದ ಮೇಲಕ್ಕೆ ಬರುತ್ತಿದೆಯಾ ನೋಡಿ. ಅದಕ್ಕೇ ಶೂ ಕೊಳ್ಳಲು ಹೋಗುವಾಗ ಪ್ಯಾಡ್ ಜೊತೆಗೇ ಒಯ್ಯಿರಿ. ಅಳತೆಗೆ ಮಾಡಿಸುವ ದುಬಾರಿ ಒಳಹಾಸನ್ನು ಮೊದಲೇ ಮಾಡಿಸಬೇಡಿ, ರೆಡಿಮೇಡ್ ಸಾಲದಿದ್ದರೆ ಆಮೇಲೆ ಯೋಚಿಸಿ.

7. ಮನೆಗೆ ತಂದ ಮೇಲೆ ಮೂರು ವಾರ

ಮೊದಲ ಎರಡು ಮೂರು ದಿನ ಮನೆಯೊಳಗೆ, ಗುಡಿಸಿದ ನೆಲದ ಮೇಲೆ ಮಾತ್ರ ಹಾಕಿ. ಸೋಲ್ ಕೊಳೆಯಾಗದಿದ್ದರೆ, ಬಿಲ್ ಇದ್ದರೆ, ಬದಲಾಯಿಸಿಕೊಳ್ಳಲು ದಾರಿ ಇರುತ್ತದೆ. ಆಮೇಲೆ 20 ನಿಮಿಷ ನಡಿಗೆ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ. ಮಟ್ಟವಾದ ಜಾಗದಲ್ಲೇ ಓಡಿ, ಬೆಟ್ಟದ ರಸ್ತೆ ಈಗ ಬೇಡ, ಏರು ಹತ್ತುವಾಗ ಮೀನಖಂಡ ಮತ್ತು ಅಕಿಲಿಸ್ ಜಾಸ್ತಿ ಎಳೆಯುತ್ತವೆ.

ನೋವಿಗೆ 0ರಿಂದ 10ರವರೆಗೆ ಅಂಕ ಕೊಡಿ. ಓಡುವಾಗ 3ರವರೆಗೆ ಇದ್ದು, ಮಾರನೇ ಬೆಳಿಗ್ಗೆ ಮೊದಲ ಹೆಜ್ಜೆ ಎಂದಿನಷ್ಟೇ ಇದ್ದರೆ ಮುಂದುವರಿಸಿ. ಬೆಳಿಗ್ಗೆ ಜಾಸ್ತಿಯಾದರೆ ಹಿಂದಿನ ದಿನ ಮಾಡಿದ್ದು ಅತಿಯಾಯಿತು ಅಂತಲೇ ಅರ್ಥ. ಹೊಸ ಶೂ ಬಂದ ಖುಷಿಗೆ ಮೊದಲ ಭಾನುವಾರವೇ 10 ಕಿ.ಮೀ. ಓಡುವುದು ಎಲ್ಲರೂ ಮಾಡುವ ತಪ್ಪು. ಶೂ ಚೆನ್ನಾಗಿದ್ದರೂ ಬೈಸಿಕೊಳ್ಳುವುದು ಶೂನೇ.

8. ಓಡದ 23 ಗಂಟೆ

ಇದನ್ನು ನಾನು ಒತ್ತಿ ಹೇಳುತ್ತೇನೆ. ಒಳ್ಳೇ ಶೂ ಹಾಕಿ ಒಂದು ಗಂಟೆ ಓಡಿ, ಉಳಿದ ಹೊತ್ತೆಲ್ಲ ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಇದ್ದರೆ ಆ ಶೂ ಏನು ಮಾಡೀತು? ಮನೆಯೊಳಗೆ ಚಪ್ಪಲಿ ಹಾಕುವುದು ನಮ್ಮ ಮನೆಗಳಲ್ಲಿ ಒಪ್ಪಿಗೆಯಾಗುವುದಿಲ್ಲ, ಗೊತ್ತು. ಹೊರಗೆ ಒಂದು ಸಲವೂ ಹಾಕದ ಒಂದು ಜೊತೆಯನ್ನು ಒಳಗಿಗೇ ಅಂತ ಇಡಿ, ಅಜ್ಜಿಯಂದಿರಿಗೂ ಬಿಡಿಸಿ ಹೇಳಿದರೆ ಒಪ್ಪುತ್ತಾರೆ. ತೆಳ್ಳಗಿನ ಹವಾಯಿ ಚಪ್ಪಲಿ ಬೇಡ. ಎಂ.ಸಿ.ಆರ್. ಚಪ್ಪಲಿ, ಅಂದರೆ ಸಕ್ಕರೆ ಕಾಯಿಲೆಯವರಿಗೆ ಬರೆದುಕೊಡುವ ಮೆತ್ತನೆ ರಬ್ಬರಿನ ಚಪ್ಪಲಿ, ಒಳಗೆ ಹಾಕಲು ಹಿತವಾಗಿರುತ್ತದೆ. ದೇವಸ್ಥಾನಕ್ಕೆ, ಹರಕೆಗೆ ಬೆಟ್ಟದ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತುವುದನ್ನು ನೋವು ಕಡಿಮೆಯಾಗುವವರೆಗೆ ಮುಂದೂಡಿ.

ಬೆಳಿಗ್ಗೆ ಕಾಲು ನೆಲಕ್ಕೆ ಇಡುವ ಮೊದಲು, ಮಂಚದ ಮೇಲೆಯೇ, ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು 10 ಎಣಿಸಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಎರಡನೆಯದು ಡೆನ್ಮಾರ್ಕ್‌ನ ಸಂಶೋಧಕರು ಪರೀಕ್ಷಿಸಿದ ವ್ಯಾಯಾಮ. ಮೆಟ್ಟಿಲ ಅಂಚಿನಲ್ಲಿ ಗೋಡೆ ಹಿಡಿದು ನಿಂತು, ಬೆರಳುಗಳ ಕೆಳಗೆ ಟವೆಲ್ ಸುತ್ತಿಟ್ಟು, ಒಂದು ಕಾಲಿನಲ್ಲಿ ಹಿಮ್ಮಡಿಯನ್ನು ಮೇಲೆತ್ತಿ. ಏರಲು 3 ಸೆಕೆಂಡ್, ಮೇಲೆ 2 ಸೆಕೆಂಡ್, ಇಳಿಯಲು 3 ಸೆಕೆಂಡ್, ದಿನ ಬಿಟ್ಟು ದಿನ. ಫಲ ಕಾಣಲು ಮೂರು ತಿಂಗಳು ಬೇಕು. ಹಿಂಭಾಗದ ನೋವಿನವರು ಟವೆಲ್ ಇಲ್ಲದೆ ಮಟ್ಟವಾದ ನೆಲದ ಮೇಲೆ ಮಾಡಿ, ಹಿಮ್ಮಡಿಯನ್ನು ಮೆಟ್ಟಿಲಿನ ಕೆಳಗೆ ಇಳಿಬಿಡಬೇಡಿ, ಹುರಿ ಮೂಳೆಗೆ ಇನ್ನೂ ಒತ್ತಿಕೊಳ್ಳುತ್ತದೆ.

ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಒತ್ತುವುದು ನಮ್ಮ ಕಡೆ ಹಳೇ ಮದ್ದು. ಬಿಸಿಯಿಂದ ಸ್ವಲ್ಪ ಹೊತ್ತು ಹಿತ ಅನಿಸುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಎಕ್ಕದ ಹಾಲು ಚರ್ಮಕ್ಕೆ, ಕಣ್ಣಿಗೆ ತಾಗಬಾರದು. ಸಕ್ಕರೆ ಕಾಯಿಲೆ ಇರುವವರು ಮಾತ್ರ ಇದನ್ನು ಮಾಡಲೇಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ, ಆ ಗಾಯ ಬೇಗ ಮಾಯುವುದೂ ಇಲ್ಲ.

9. ದಿನಾಂಕ ಬರೆದಿಡಿ

ಹೊಸ ಶೂನ ನಾಲಿಗೆಯ ಒಳಗೆ ಪೆನ್ನಿನಲ್ಲಿ ಶುರು ಮಾಡಿದ ದಿನಾಂಕ ಬರೆಯಿರಿ. ಓಡುವ ಶೂನಲ್ಲಿ ಮಾರ್ಕೆಟ್‌ಗೆ, ಆಫೀಸಿಗೆ ಹೋಗಬೇಡಿ. ಮಳೆಯಲ್ಲಿ ನೆನೆದರೆ ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಫೋಮ್ ಮತ್ತು ಅಂಟು ಹಾಳಾಗುತ್ತವೆ. ಸಾಧ್ಯವಾದರೆ ಎರಡು ಬೇರೆ ಬೇರೆ ಮಾದರಿಯ ಶೂ ಇಟ್ಟುಕೊಂಡು ಬದಲಿಸುತ್ತಾ ಓಡಿ, ಕಾಲಿನ ಒಂದೇ ಜಾಗಕ್ಕೆ ದಿನಾ ಪೆಟ್ಟು ಬೀಳುವುದು ತಪ್ಪುತ್ತದೆ.

ಇಷ್ಟೆಲ್ಲ ಮಾಡಿ ಮೂರು ತಿಂಗಳಾದರೂ ಬೆಳಿಗ್ಗೆಯ ಮೊದಲ ಹೆಜ್ಜೆ ಹಾಗೇ ಇದ್ದರೆ ಮೂರನೇ ಜೊತೆ ಶೂ ಹುಡುಕಬೇಡಿ. ಮೂಳೆ ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ, ಹೋಗುವಾಗ ಹಳೇ ಶೂ, ಹೊಸ ಶೂ, ಮನೆಯೊಳಗಿನ ಚಪ್ಪಲಿ ಮೂರನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.